ಎರಡಾಗಿ ಒಡೆಯುವ ಉಸಿರು

ಕುದುರೆಬಂಡೆ ದಂಡೆ, ಜೆಜು ದ್ವೀಪ
೪ ಡಿಸೆಂಬರ್ ೨೦೨೩

ಸೋಲ್ ಪಟ್ಟಣದ ಡಿಸ್ಕ್ ರಿಪೇರಿಯ ತಾಕ್ ಇನ್ಜೆ ಅವರಿಗೆ, ಬು ಯೊನ್‌ಸಿಲ್ ಬರೆಯುವುದು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಮ್ಮ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು ನಿಮ್ಮ ವಿಳಾಸ ಕೊಟ್ಟ. “ಅವನ ಕೈಲಿ ಆಗ್ಲಿಲ್ಲ ಅಂದ್ರೆ ಇನ್ಯಾರ ಕೈಲೂ ಆಗಲ್ಲ ಬಿಡಕ್ಕಾ” ಅಂದ. ಅವನು ಆಡುವುದರಲ್ಲಿ ಅರ್ಧ ಸುಳ್ಳು. ಆದರೂ ಡಿಸ್ಕ್ ಕಳಿಸಿದ್ದೇನೆ. ಒದ್ದೆಯಾಗಬಾರದೆಂದು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಒಣಗಿದ ಕಡಲಸೊಪ್ಪಿನ ನಡುವೆ ಇಟ್ಟಿದ್ದೇನೆ. ಸೊಪ್ಪನ್ನು ಎಸೆದುಬಿಟ್ಟೀರಿ, ಸಾರು ಮಾಡಿಕೊಳ್ಳಿ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀರಿ. ಐವತ್ತೆರಡು ವರ್ಷದಿಂದ ಕಡಲ ತಳಕ್ಕೆ ಮುಳುಗಿ ಚಿಪ್ಪು ಕೀಳುವ ಹೆಂಗಸು ನಾನು. ನೀರಿನ ಒತ್ತಡಕ್ಕೆ ಎಡಗಿವಿ ಎಂದೋ ಹೋಯಿತು. ಬಲಗಿವಿ ಹತ್ತು ಮಾತಿನಲ್ಲಿ ಎರಡು ಹಿಡಿಯುತ್ತದೆ. ಈ ದಂಡೆಯ ಹೆಂಗಸರೆಲ್ಲ ಹೀಗೇ. ನಾವು ದಂಡೆಯ ಬೆಂಕಿಗೂಡಿನಲ್ಲಿ ಮೈ ಕಾಯಿಸುತ್ತ ಕೂತು ಸಾರಿಗೆ ಉಪ್ಪು ಕೇಳಿದರೂ ದಾರಿಹೋಕರು ಜಗಳ ಬಿಡಿಸಲು ಬರುತ್ತಾರೆ.

ಡಿಸ್ಕ್ ನನ್ನದಲ್ಲ, ಸೆಮಿಯದು. ಅವಳಮ್ಮ ಕೊ ಇಂಜಾ ನಲವತ್ತು ವರ್ಷ ನನ್ನ ಪಕ್ಕದಲ್ಲೇ ಮುಳುಗಿದವಳು. ಕಳೆದ ಅಕ್ಟೋಬರಿನಲ್ಲಿ ನೀರಿನಲ್ಲೇ ತೀರಿಕೊಂಡಳು. ತಳದಿಂದ ಮೇಲೆ ಬಂದಾಗ ನಾವು ಕಟ್ಟಿದ ಉಸಿರು ಬಿಡುತ್ತೇವಲ್ಲ, ಅದು ಸಿಳ್ಳೆಯಾಗಿ ಬರುತ್ತದೆ, ಒಬ್ಬೊಬ್ಬಳದು ಒಂದೊಂದು ಥರ. ದಂಡೆಯಲ್ಲಿ ಕೂತವರು ಸಿಳ್ಳೆ ಕೇಳಿಯೇ ಯಾರು ಮೇಲೆ ಬಂದರು, ಯಾರು ಬರಲಿಲ್ಲ ಎಂದು ಎಣಿಸುತ್ತಾರೆ. ಸೆಮಿ ಮೂರು ವರ್ಷ ಬಂಡೆಯ ಮೇಲೆ ರೆಕಾರ್ಡರ್ ಇಟ್ಟು ಅಮ್ಮನ ಸಿಳ್ಳೆ ಹಿಡಿದಳು. ಅದೆಲ್ಲ ಈ ಡಿಸ್ಕಿನಲ್ಲಿತ್ತು. ಅಮ್ಮ ಹೋದಮೇಲೆ ಈ ಸಮುದ್ರ ನೋಡಲಾರೆ ಎಂದು ಡಿಸ್ಕನ್ನು ಮೀನುಗಾರರ ಸಂಘದ ಕಚೇರಿಯಲ್ಲಿ ಬಿಟ್ಟು ಬುಸಾನಿಗೆ ಕೆಲಸಕ್ಕೆ ಹೋದಳು.

ಅದು ನನ್ನ ಕೈ ತಪ್ಪಿ ಅಳಿಸಿಹೋಯಿತು. ಆಮೇಲೆ ಯಾರೂ ಮುಟ್ಟಿಲ್ಲ.

ಮಾರ್ಚ್ ೨೪ಕ್ಕೆ ನಮ್ಮಲ್ಲಿ ಗಾಳಿಯಜ್ಜಿಯನ್ನು ಬೀಳ್ಕೊಡುವ ಪೂಜೆ. ಅಂದು ದೈವ ಮೈಮೇಲೆ ಬರುವ ಪಾತ್ರಿಯಮ್ಮ ಆ ವರ್ಷ ನೀರು ಪಾಲಾದವರ ಹೆಸರು ಹಿಡಿದು ಕರೆಯುತ್ತಾಳೆ. ಸೆಮಿ ಬರುತ್ತಾಳೆ. ಸಿಳ್ಳೆಯನ್ನು ನೀರಿಗೆ ಕೇಳಿಸಿದರೆ ಅಮ್ಮ ತನ್ನ ಉಸಿರು ಗುರುತು ಹಿಡಿದು ಮೇಲೆ ಬರುತ್ತಾಳೆ ಎಂದು ನಂಬಿ ಕೂತಿದ್ದಾಳೆ. ಅಷ್ಟರೊಳಗೆ ವಾಪಸ್ ಬೇಕು. ಅಳಿಸಿದ್ದು ಅವಳಿಗೆ ಗೊತ್ತಾಗಬಾರದು.

ಯೊನ್‌ಸಿಲ್

*

ಸೋಲ್
೧೨ ಡಿಸೆಂಬರ್ ೨೦೨೩

ಮಾನ್ಯ ಬು ಯೊನ್‌ಸಿಲ್ ಅಮ್ಮನವರಿಗೆ, ನಮಸ್ಕಾರಗಳು.

ಡಿಸ್ಕ್ ಬಂದಿದೆ, ಸೊಪ್ಪೂ ಬಂದಿದೆ. ಸಾರಿಗೆ ಮತ್ತೆ ಉಪ್ಪು ಹಾಕಿ ಕೆಡಿಸಿದೆ, ಕ್ಷಮಿಸಿ. ನನ್ನದು ಎಲೆಕ್ಟ್ರಾನಿಕ್ ಮಾರುಕಟ್ಟೆಯ ಮೂರನೆಯ ಮಹಡಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಕಾಗದದಲ್ಲಿ ಪತ್ರ ಬರೆದು ಇಪ್ಪತ್ತು ವರ್ಷವಾಗಿರಬೇಕು. ಕಾಗದ ಕೊಳ್ಳಲು ಎರಡು ಮಹಡಿ ಇಳಿದು ಹೋಗಬೇಕಾಯಿತು.

ನಿಮ್ಮ ಡಿಸ್ಕಿನಲ್ಲಿ ಎರಡು ಪಾರ್ಟಿಷನ್ ಇದ್ದವು, ಅಂದರೆ ಒಂದೇ ಹೊಲದಲ್ಲಿ ನಡುವೆ ಬದು ಹಾಕಿ ಎರಡು ಮಾಡಿದ ಹಾಗೆ. ಅದರಲ್ಲೊಂದು ಅಳಿಸಿದೆ. ಅಳಿಸಿದರೆ ಬದು ಮತ್ತು ಹೊಲದ ಹೆಸರು ಹೋಗುತ್ತದೆ, ಬೆಳೆ ಹೋಗುವುದಿಲ್ಲ. ಮೇಲೆ ಯಾರೂ ಉಳುಮೆ ಮಾಡದಿದ್ದರೆ ಎಲ್ಲವೂ ಸಿಗುತ್ತದೆ. ಮೊದಲು ಇಡೀ ಡಿಸ್ಕಿನ ನಕಲು ತೆಗೆಯುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ.

ಒಂದು ಪ್ರಶ್ನೆ. ಅಳಿಸಿದ ಮೇಲೆ ಅದರಲ್ಲಿ ಬೇರೆ ಏನನ್ನಾದರೂ ತುಂಬಿದ್ದೀರಾ? ಸುಮ್ಮನೆ ಕೇಳುತ್ತಿಲ್ಲ.

ವಿಶ್ವಾಸಿ,
ತಾಕ್ ಇನ್ಜೆ

*

ಕುದುರೆಬಂಡೆ ದಂಡೆ
೧೯ ಡಿಸೆಂಬರ್ ೨೦೨೩

ತಾಕ್ ಅವರೇ,

ಕಡಲಸೊಪ್ಪಿನ ಸಾರಿಗೆ ಉಪ್ಪು ಹಾಕುವುದೆಂದರೇನು! ಹೆಂಡತಿ ಇಲ್ಲವೆಂದು ತಿಳಿಯಿತು. ಯಾರೂ ಏನೂ ತುಂಬಿಲ್ಲ, ಒಮ್ಮೆ ಹೇಳಿಯಾಯಿತಲ್ಲ.

ಇನ್ನೊಂದು ಕೆಲಸವಿದೆ. ನನ್ನ ಕಿವಿ ಆಗದು, ನೀವು ಕೇಳಿ ಹೇಳಬೇಕು. ಇಂಜಾ ತೀರಿಕೊಂಡ ಬೆಳಗಿನದೂ ಅದರಲ್ಲಿದೆ. ಸೆಮಿ ಊರಲ್ಲಿರಲಿಲ್ಲ, ಇಂಜಾಳೇ ರೆಕಾರ್ಡರನ್ನು ಬಂಡೆಯ ಮೇಲಿಟ್ಟು ನೀರಿಗಿಳಿದಳು. ಸೆಮಿ ಅದನ್ನು ಡಿಸ್ಕಿಗೆ ಹಾಕಿದಳೇ ಹೊರತು ಕೇಳುವ ಧೈರ್ಯ ಮಾಡಲಿಲ್ಲ. ಯಾರೂ ಕೇಳಿಲ್ಲ.

ಅಂದು ಕುದುರೆಬಂಡೆಯ ಕಡೆ ನಾವಿಬ್ಬರೇ ಇದ್ದದ್ದು. ಉಳಿದವರೆಲ್ಲ ಮೂಡಣ ಕೊಲ್ಲಿಗೆ ಹೋಗಿದ್ದರು. ಹತ್ತೂವರೆಗೆ ನಾನು ಮೇಲೆ ಬಂದು ನೋಡಿದರೆ ಇಂಜಾ ಇಲ್ಲ. ಹನ್ನೊಂದೂವರೆಗೆ ಸಿಕ್ಕಳು. ಕಾಲಿಗೆ ಹಳೇ ಬಲೆ ಸುತ್ತಿಕೊಂಡಿತ್ತು. ಒಂಬತ್ತೂಮುಕ್ಕಾಲಿನ ಹೊತ್ತಿಗೇ ಹೋಗಿರಬೇಕು ಎಂದರು ವೈದ್ಯರು. ಕರಾವಳಿ ಪೊಲೀಸನು, “ಅವರು ಮೇಲೆ ಬರದೇ ಇದ್ದದ್ದು ನಿಮಗೆ ಗೊತ್ತಾಗ್ಲಿಲ್ವೇನಮ್ಮಾ?” ಎಂದು ಕೇಳಿದ. “ಆಮೇಲೂ ಅವಳ ಸಿಳ್ಳೆ ಕೇಳಿಸ್ತಾನೇ ಇತ್ತು, ಅದಕ್ಕೇ ನಾನು ಮುಳುಗ್ತಾ ಇದ್ದೆ” ಎಂದೆ.

ಅವನು ಬರೆದುಕೊಂಡು ಹೋದ. ನಮ್ಮ ಹೆಂಗಸರು ಬಿಡಬೇಕಲ್ಲ. “ಕಿವುಡಿಗೆ ಸಿಳ್ಳೆ ಕೇಳಿಸ್ತಂತೆ! ಇನ್ನೊಂದು ಚಿಪ್ಪಿನ ಆಸೆ ಅಂತ ಹೇಳ್ಬಾರ್ದಾ” ಎಂದಳು ಒಬ್ಬಳು, ಬೆಂಕಿಗೂಡಿನಲ್ಲಿ, ನನ್ನ ಎದುರಿಗೇ. ತುಟಿ ನೋಡಿ ತಿಳಿದೆ. ಅಂದಿನಿಂದ ನನ್ನ ಪಕ್ಕದಲ್ಲಿ ಯಾರೂ ಮುಳುಗುತ್ತಿಲ್ಲ. ಒಬ್ಬಳೇ ಹೋಗುತ್ತೇನೆ.

ಇಂಜಾಳ ಉಸಿರಿನ ಗುರುತು ಇದು: ಮೊದಲು ಕೆಳಗಿನ ಸ್ವರದಲ್ಲಿ ಉದ್ದಕ್ಕೆ ಬಂದು, ಕೊನೆಗೆ ಎರಡಾಗಿ ಒಡೆದು, ಮೇಲಕ್ಕೆ ಚುಟುಕಾಗಿ ನಿಲ್ಲುತ್ತದೆ, ಏನೋ ಕೇಳಿದ ಹಾಗೆ. ಇಡೀ ದ್ವೀಪದಲ್ಲಿ ಬೇರಾರದೂ ಹಾಗಿಲ್ಲ. ಒಂಬತ್ತೂ ನಲವತ್ತರ ಮೇಲೆ ಆ ಉಸಿರು ಇದೆಯೋ ಇಲ್ಲವೋ, ಅಷ್ಟು ಕೇಳಿ ಕಾಗದದಲ್ಲಿ ಬರೆದುಕೊಡಿ.

ಯೊನ್‌ಸಿಲ್

*

ಸೋಲ್
೯ ಜನವರಿ ೨೦೨೪

ಮಾನ್ಯ ಯೊನ್‌ಸಿಲ್ ಅಮ್ಮನವರಿಗೆ,

ಹೊಸ ವರ್ಷದ ಶುಭಾಶಯಗಳು. ತಡವಾದದ್ದಕ್ಕೆ ಕಾರಣವಿದೆ.

ಹೊಲವನ್ನು ಉತ್ತಿದ್ದಾರೆ ಅಮ್ಮ. ಒಂದು ಸಲವಲ್ಲ, ಎರಡು ಸಲ. ಅಳಿಸಿದ ಪಾರ್ಟಿಷನ್ನಿನ ಜಾಗದಲ್ಲಿ ಹೊಸದೊಂದನ್ನು ಮಾಡಿ, ಫಾರ್ಮ್ಯಾಟ್ ಮಾಡಿ, ಅದರ ಮೇಲೆ ಯಾರೋ ಗಂಡಸು ಮುನ್ನೂರಕ್ಕೂ ಹೆಚ್ಚು ಹಳೇ ಸಿನಿಮಾ ಹಾಡು ತುಂಬಿದ್ದಾನೆ. ಜೊತೆಗೆ “ಕಿತ್ತಳೆ ಪೆಟ್ಟಿಗೆ ಬಂದಿವೆ, ಬೇಗ ಬನ್ನಿ” ಎಂದು ಧ್ವನಿವರ್ಧಕಕ್ಕೆ ಓದಿದ ಪ್ರಕಟಣೆಗಳು. ನೀವು ಎರಡು ಪತ್ರದಲ್ಲೂ ಯಾರೂ ಮುಟ್ಟಿಲ್ಲ ಎಂದು ಬರೆದಿದ್ದೀರಿ. ನಿಮ್ಮನ್ನು ಸುಳ್ಳು ಹೇಳಿದಿರಿ ಎನ್ನುವ ವಯಸ್ಸು ನನ್ನದಲ್ಲ. ಆದರೆ ಡಿಸ್ಕ್ ಹೇಳುತ್ತಿದೆ.

ಉಳಿದಿರುವುದು ಅರವತ್ತೊಂದು ತುಣುಕು. ಒಂದಕ್ಕೂ ಹೆಸರಿಲ್ಲ, ತಾರೀಖಿಲ್ಲ. ಎಲ್ಲದರಲ್ಲೂ ಅಲೆ, ಹಕ್ಕಿ, ಉಸಿರು. ನೀವು ಕೇಳಿದ ಬೆಳಗು ಇವುಗಳಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವುದು, ನಾನು ಹೇಗೆ ಗುರುತಿಸಲಿ? ಅಂದು ಅಲೆಯ ಹೊರತು ಬೇರೆ ಏನಾದರೂ ಸದ್ದಾಗಿದ್ದರೆ ತಿಳಿಸಿ.

ಇನ್ನೊಂದು ಮಾತು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತ ಕೂತರೆ, ನೀವೆಲ್ಲ ಮುಳುಗಿದಾಗ ನಾನೂ ಉಸಿರು ಹಿಡಿಯುತ್ತೇನೆ. ಬೇಕೆಂದು ಹಿಡಿಯುವುದಲ್ಲ. ನೀವು ಮೇಲೆ ಬರುವ ಎಷ್ಟೋ ಮೊದಲೇ ನನ್ನದು ಬಿಟ್ಟುಹೋಗುತ್ತದೆ.

ತಾಕ್ ಇನ್ಜೆ

*

ಕುದುರೆಬಂಡೆ ದಂಡೆ
೧೬ ಜನವರಿ ೨೦೨೪

ತಾಕ್ ತಮ್ಮಾ,

ಸುಳ್ಳು ಹೇಳಿದೆ. ಸರಿ, ಹೇಳಿದೆ. ಈಗ ನಿಜ ಬರೆಯುತ್ತೇನೆ, ನಡುವೆ ಬಾಯಿ ಹಾಕಬೇಡ.

ನಾವು ದಿನವನ್ನು ತಾರೀಖಿನಿಂದ ಎಣಿಸುವುದಿಲ್ಲ, ಉಬ್ಬರದಿಂದ ಎಣಿಸುತ್ತೇವೆ. ಒಂದನೇ ನೀರು, ಎರಡನೇ ನೀರು, ಹೀಗೆ. ಇಂಜಾ ಹೋದದ್ದು ಹತ್ತನೇ ನೀರಿನ ದಿನ. ನವೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಸಂಘದ ಕಚೇರಿಗೆ ಹೋದೆ. ಕಾರ್ಯದರ್ಶಿ ಕಂಪ್ಯೂಟರಿನಲ್ಲಿ ಡಿಸ್ಕಿನ ಚಿತ್ರ ತೆರೆದಿಟ್ಟು ಊಟಕ್ಕೆ ಹೋಗಿದ್ದ. ಪಕ್ಕ ಪಕ್ಕ ಎರಡು ಚೌಕ ಕಂಡವು. ಒಂದರ ಮೇಲೆ ‘ಹತ್ತನೇ ನೀರು’ ಎಂದು ಬರೆದಿತ್ತು. ಇದು ಆ ದಿನದ್ದು ಅಂದುಕೊಂಡೆ. ಬಲಗಡೆ ಗುಂಡಿ ಒತ್ತಿದರೆ ‘ಅಳಿಸು’ ಎಂದು ಬಂತು. ಒತ್ತಿದೆ. ನಿಜವಾಗಿ ಅಳಿಸಲೇ ಎಂದು ಕೇಳಿತು. ಹೂಂ ಎಂದೆ.

ಕೈ ತಪ್ಪಲಿಲ್ಲ ತಮ್ಮಾ. ಆ ಒಂದು ದಿನವನ್ನು ಅಳಿಸಲೆಂದೇ ಹೋಗಿದ್ದೆ. ಅದನ್ನು ಹಾಕಿ ಕೇಳಿ, ಸಿಳ್ಳೆಯೇ ಇಲ್ಲ ಎಂದುಬಿಟ್ಟರೆ ಗತಿಯೇನು ಎಂದು ಹೆದರಿದ್ದೆ. ಆದರೆ ಆ ಹುಡುಗಿ ಅಮ್ಮ ಹೋದ ದಿನದ ಹೆಸರನ್ನು ಮೂರು ವರ್ಷದ ಎಲ್ಲದಕ್ಕೂ ಇಟ್ಟಿದ್ದಳು. ಅದು ನನಗೆ ಹೊಳೆಯಬೇಕಿತ್ತು. ಚೌಕ ಕಪ್ಪಗಾಯಿತು. ಗಾಬರಿಯಲ್ಲಿ ಕಂಡಕಂಡದ್ದೆಲ್ಲ ಒತ್ತಿದೆ, ಅದು ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದೆ. ಊಟ ಮುಗಿಸಿ ಬಂದ ಕಾರ್ಯದರ್ಶಿ, “ಓ, ಜಾಗ ಖಾಲಿ ಆಯ್ತಲ್ಲಾ!” ಎಂದು ತನ್ನ ಹಾಡುಗಳನ್ನು ತುಂಬಿದ. ಅವನು ಮುಗಿಸಿದ ಮೇಲೆ, ಸೆಮಿಗೆ ಕೊಡುತ್ತೇನೆ ಎಂದು ಹೇಳಿ ಡಿಸ್ಕನ್ನು ಇಸಿದುಕೊಂಡು ಬಂದೆ.

ಇರುವಾಗ ಹೆದರಿಸಿದ್ದು, ಹೋದಮೇಲೆ ಬೇಕೇ ಬೇಕು ಅನ್ನಿಸುತ್ತಿದೆ. ಹುಚ್ಚು ಅನ್ನು, ಪರವಾಗಿಲ್ಲ.

ಅಂದಿನ ಗುರುತು: ಊರಿನ ಧ್ವನಿವರ್ಧಕದಲ್ಲಿ ಮುಖ್ಯಸ್ಥ ಎರಡು ಸಲ ಕೂಗಿದ, “ಚುಚ್ಚುಮದ್ದಿನೋರು ಹತ್ತು ಗಂಟೆ ದೋಣೀಲಿ ಬರ್ತಾರೆ, ವಯಸ್ಸಾದೋರೆಲ್ಲ ತೋಳು ತೊಳ್ಕೊಂಡು ಬನ್ನಿ” ಎಂದು. ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. ಎರಡನೆಯ ಸಲ ಕೂಗಿದ್ದು ಒಂಬತ್ತೂ ನಲವತ್ತಕ್ಕೆ. ಹತ್ತಕ್ಕೆ ದೋಣಿಯ ಭೋಂಪು.

ಯೊನ್‌ಸಿಲ್

*

ಸೋಲ್
೩೦ ಜನವರಿ ೨೦೨೪

ಅಮ್ಮನವರಿಗೆ,

ಸಿಕ್ಕಿತು. ನಲವತ್ತೇಳನೆಯ ತುಣುಕು. ತೋಳು ತೊಳೆದುಕೊಂಡು ಬನ್ನಿ ಎಂದು ಎರಡು ಸಲ ಸ್ಪಷ್ಟವಾಗಿ ಕೇಳುತ್ತದೆ, ನಡುವೆ ಮುಖ್ಯಸ್ಥರು ಕೆಮ್ಮುವುದೂ ಇದೆ. ಹತ್ತರ ಭೋಂಪಿನಿಂದ ಹಿಂದಕ್ಕೆ ಎಣಿಸಿ ಸಮಯ ಹಾಕಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ: ಇದೆ. ಎರಡನೆಯ ಕೂಗಿನ ನಂತರ ಭೋಂಪಿನವರೆಗೆ, ಕೆಳಗಿನಿಂದ ಉದ್ದಕ್ಕೆ ಬಂದು ಕೊನೆಗೆ ಎರಡಾಗಿ ಒಡೆದು ಮೇಲಕ್ಕೆ ನಿಲ್ಲುವ ಉಸಿರು ಎಂಟು ಸಲ ಬರುತ್ತದೆ. ಅನುಮಾನವೇ ಇಲ್ಲ. ಅಲ್ಲಿಗೆ ಕೇಳುವುದನ್ನು ನಿಲ್ಲಿಸಿ ಈ ಪತ್ರ ಬರೆಯಲು ಕೂತೆ, ಮುಂದಿನದ್ದನ್ನು ನಿಧಾನವಾಗಿ ಕೇಳುತ್ತೇನೆ. ವೈದ್ಯರ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗಿರಬೇಕು.

ನಿಮಗೆ ಕೇಳಿಸಿದ್ದು ನಿಜ ಅಮ್ಮ. ಇದನ್ನು ಯಾರಿಗೆ ಬೇಕಾದರೂ ತೋರಿಸಿ. ಕೆಳಗೆ ಅಂಗಡಿಯ ಮುದ್ರೆ ಒತ್ತಿದ್ದೇನೆ.

ತಾಕ್ ಇನ್ಜೆ

*

ಕುದುರೆಬಂಡೆ ದಂಡೆ
೬ ಫೆಬ್ರವರಿ ೨೦೨೪

ನನ್ನ ಮುದ್ದು ತಮ್ಮಾ,

ನಿನ್ನ ಬಾಯಿಗೆ ಸಕ್ಕರೆ ಹಾಕ! ಪತ್ರವನ್ನು ಬೆಂಕಿಗೂಡಿಗೆ ಕೊಂಡೊಯ್ದು, ಎಲ್ಲರೂ ಬಟ್ಟೆ ಬದಲಿಸಿ ಕೂರುವವರೆಗೆ ಕಾದು, ಎದ್ದು ನಿಂತು ಓದಿದೆ. ಎಲ್ಲರೂ ಕಿವುಡರು ನೋಡು, ಮೂರು ಸಲ ಕೂಗಿ ಓದಬೇಕಾಯಿತು. ಅವತ್ತು ಚಿಪ್ಪಿನ ಆಸೆ ಎಂದವಳ ಮೂಗಿನ ಕೆಳಗೇ ಮುದ್ರೆ ಹಿಡಿದೆ. “ಆಯ್ತು ಮಾರಾಯ್ತಿ, ನಂದೇ ತಪ್ಪು, ಕಾಗದ ಬೆಂಕಿಗೆ ಬಿದ್ದೀತು, ಈಚೆ ತಗೋ” ಎಂದಳು. ಕುದಿಸಿದ ಗೆಣಸಿನಲ್ಲಿ ದೊಡ್ಡದನ್ನು ನನ್ನ ಕಡೆಗೆ ತಳ್ಳಿದಳು. ನಾಲ್ಕು ತಿಂಗಳಾದ ಮೇಲೆ ನನಗೊಂದು ಗೆಣಸು ಸಿಕ್ಕಿತು ತಮ್ಮಾ. ಅಳು ಬಂದುಬಿಟ್ಟಿತು.

ಇನ್ನು ಮುಚ್ಚಿಡುವುದೇನಿದೆ, ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಮುಖ್ಯಸ್ಥ ಎರಡನೆಯ ಸಲ ಕೂಗಿದಾಗ ನಾನು ಮೇಲೆಯೇ ಇದ್ದೆ. ಇಂಜಾ ನೀರಿನ ಮೇಲೆ ಬಿಟ್ಟು ಮುಳುಗುವ ತೇಲುಬುರುಡೆ ಒಂದೇ ಕಂಡಿತು, ಪಕ್ಕದಲ್ಲಿ ಅವಳ ತಲೆ ಇರಲಿಲ್ಲ. ಬಹಳ ಹೊತ್ತು ಕಾಣಲಿಲ್ಲ. ಹೋಗಿ ನೋಡೋಣ ಅಂದುಕೊಂಡು ಒಮ್ಮೆ ಮುಳುಗಿ ಎದ್ದೆ. ಆಗ ಸಿಳ್ಳೆ ಕೇಳಿಸಿತು, ಇಷ್ಟು ಹತ್ತಿರ, ಕಿವಿಯ ಒಳಗೇ ಊದಿದ ಹಾಗೆ. ಬಂದಳಲ್ಲ ಎಂದುಕೊಂಡು ಮತ್ತೆ ಚಿಪ್ಪಿಗೆ ಹೋದೆ. ಆ ಬುರುಡೆ ಒಂಟಿಯಾಗಿ ತೇಲಿದ್ದು ಇಷ್ಟು ದಿನ ಕಣ್ಣಿಗೆ ಕಟ್ಟಿತ್ತು. ಸಿಳ್ಳೆ ನಿಜ ಎಂದಮೇಲೆ ಅದೂ ಹಗುರಾಯಿತು.

ನನ್ನ ಉಸಿರನ್ನೂ ಕೇಳಿರುತ್ತೀಯಲ್ಲ? ಅದು ನೆಟ್ಟಗೆ, ಎಳೆದ ದಾರದ ಹಾಗೆ, ಏರಿಲ್ಲ ಇಳಿತವಿಲ್ಲ. “ನಿನ್ನ ಬೈಗುಳದ ಹಾಗೇ ನೋಡು, ಒಂದೇ ಸಮ” ಎಂದು ಇಂಜಾ ಆಡಿಕೊಳ್ಳುತ್ತಿದ್ದಳು. ನನ್ನದೂ ಅವಳದೂ ಒಂದಾದಮೇಲೊಂದು ಬರುವುದನ್ನು ಕೇಳಿ ಎಷ್ಟು ಚೆನ್ನಾಗಿದೆ ಎಂದು ನನಗೆ ಬರೆ. ನನಗಂತೂ ಕೇಳುವ ಭಾಗ್ಯವಿಲ್ಲ.

ಯೊನ್‌ಸಿಲ್ ಅಕ್ಕ

*

ಕುದುರೆಬಂಡೆ ದಂಡೆ
೨೭ ಫೆಬ್ರವರಿ ೨೦೨೪

ತಾಕ್,

ಮೂರು ವಾರವಾಯಿತು. ಚಾಂದ್ರಮಾನ ಹೊಸ ವರ್ಷದ ಹಬ್ಬ ಮುಗಿದು ಅಂಚೆಯವನು ಹತ್ತು ಸಲ ಬಂದು ಹೋದ. ಬದುಕಿದ್ದೀಯಾ? ಸೆಮಿ ಟಿಕೆಟ್ ತೆಗೆಸಿದ್ದಾಳೆ. ಡಿಸ್ಕ್ ಎಲ್ಲಿ? ನೀನು ಮುಂದೆ ಬರೆಯದೇ ಇದ್ದದ್ದರಲ್ಲಿ ಏನೋ ಇದೆ ಎಂದು ನನಗೆ ಅನ್ನಿಸುತ್ತಿದೆ. ನಾನು ನಿನಗೆ ನಿಜ ಬರೆದಿದ್ದೇನೆ. ನೀನೂ ಬರೆ.

ಯೊನ್‌ಸಿಲ್

*

ಸೋಲ್
೫ ಮಾರ್ಚ್ ೨೦೨೪

ಅಕ್ಕಾ,

ಕೂತುಕೊಂಡು ಓದಿ.

ನಿಮ್ಮ ಪತ್ರ ಬಂದ ದಿನವೇ ನಲವತ್ತೇಳನ್ನು ಮತ್ತೆ ಹಾಕಿ ಕೇಳಿದೆ. ನಿಮ್ಮಿಬ್ಬರ ಉಸಿರು ಒಂದಾದಮೇಲೊಂದು ಬರುವುದನ್ನು ಬರೆದು ಕಳಿಸೋಣ ಎಂದೇ ಕೂತಿದ್ದೆ. ಅಂದು ಅಲ್ಲಿ ನೀವಿಬ್ಬರೇ. ಹಾಗಾದರೆ ಎರಡು ಉಸಿರು ಇರಬೇಕು. ಶುರುವಿನಿಂದ ಎರಡೂ ಇವೆ: ನೆಟ್ಟಗಿನದೊಂದು, ಎರಡಾಗಿ ಒಡೆಯುವುದೊಂದು. ಹದಿಮೂರು ಸಲ ಹಾಗೆ ಬಂದಿವೆ. ನಿಜಕ್ಕೂ ಬಹಳ ಚೆನ್ನಾಗಿದೆ ಅಕ್ಕಾ, ಒಬ್ಬರು ಹೇಳಿ ಇನ್ನೊಬ್ಬರು ಕೇಳಿದ ಹಾಗೆ.

ಎರಡನೆಯ ಕೂಗಾದ ಮೇಲೆ ಒಂದೇ ಇದೆ. ಉಳಿದಿರುವುದು ಒಡೆಯುವ ಉಸಿರು. ನೆಟ್ಟಗಿನದು ಒಮ್ಮೆಯೂ ಬರುವುದಿಲ್ಲ.

ಮೊದಲ ಸಲ ಒಡೆಯುವುದನ್ನು ಮಾತ್ರ ಹುಡುಕುತ್ತಿದ್ದೆ, ಸಿಕ್ಕಿತೆಂದು ಸಂತೋಷಪಟ್ಟು ನಿಮಗೆ ಬರೆದುಬಿಟ್ಟೆ. ಏನು ಕಾಣೆಯಾಗಿದೆ ಎಂದು ನೋಡಲಿಲ್ಲ. ಈ ಧ್ವನಿಯನ್ನು ನಂಬಿದರೆ ಅಂದು ನೀರಿನಲ್ಲಿ ಉಳಿದವರು ನೀವು, ಮೇಲೆ ಬಂದವರು ಇಂಜಾ ಅವರು.

ಭೋಂಪಿನ ನಂತರವೂ ಕೇಳಿದೆ. ಎರಡನೆಯ ಕೂಗಿನಿಂದ ಎಣಿಸಿದರೆ ಆ ಉಸಿರು ಒಟ್ಟು ಹದಿನೇಳು ಸಲ ಬರುತ್ತದೆ. ಹದಿನೇಳನೆಯದು ತೀರಾ ಹತ್ತಿರ. ಆಮೇಲೆ ಯಾರೋ ಬಂಡೆ ಹತ್ತುವ ಸದ್ದು, ರಬ್ಬರ್ ಬಟ್ಟೆ ಕಲ್ಲಿಗೆ ಉಜ್ಜುವುದು. ಒಮ್ಮೆ ಉಸಿರು ಬಿಡುತ್ತಾರೆ, ಅದೂ ಎರಡಾಗಿ ಒಡೆಯುತ್ತದೆ. ಅದೇ ಬಾಯಿಂದ ಮಾತು ಬರುತ್ತದೆ. “ಇಂಜಾ... ಏ ಇಂಜಾ, ಎಲ್ಲಿದ್ದೀಯೇ?”

ಅದು ನಿಮ್ಮ ಧ್ವನಿ ಎಂದು ಬೇರೆ ತುಣುಕುಗಳೊಂದಿಗೆ ಹೋಲಿಸಿ ನೋಡಿದೆ. ನಿಮ್ಮದೇ.

ಒಂದು ತಿಂಗಳು ಇದನ್ನು ಇಟ್ಟುಕೊಂಡು ಕೂತೆ. ತುಣುಕುಗಳು ಬೇರೆ ದಿನದವು ಸೇರಿ ಅಂಟಿಕೊಂಡಿರಬಹುದು ಎಂದು ಮತ್ತೆ ಬಿಡಿಸಿ ನೋಡಿದೆ, ಇಲ್ಲ, ಒಂದೇ ಎಳೆ. ಕಿವಿ ವೈದ್ಯರೊಬ್ಬರನ್ನು ಕೇಳಿದೆ. ಚಳಿಗೆ, ದಣಿವಿಗೆ ಎದೆ ಬಿಗಿದು ಉಸಿರು ಒಡೆಯಬಹುದು ಎಂದರು. ಕಿವುಡರಿಗೂ ತಮ್ಮ ಸಿಳ್ಳೆ ತಲೆಯ ಮೂಳೆಯಿಂದ ಒಳಗೇ ಕೇಳಿಸುತ್ತದಂತೆ. ನೀವು ಬರೆದಿದ್ದಿರಿ, ಕಿವಿಯ ಒಳಗೇ ಊದಿದ ಹಾಗೆ ಎಂದು. ನಿಮಗೆ ಕೇಳಿಸಿದ್ದು ನಿಜ. ಅದು ನಿಮ್ಮ ಬಾಯಿಂದಲೇ ಬರುತ್ತಿತ್ತು.

ಉಳಿದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಲವತ್ತೇಳನ್ನು ಬಿಟ್ಟರೆ ಇಂಜಾ ಅವರ ಉಸಿರು ನಾಲ್ಕೇ ತುಣುಕಿನಲ್ಲಿದೆ. ಅದೂ ಚೂರುಚೂರು, ಮಧ್ಯೆ ಸಿನಿಮಾ ಹಾಡು ಬಂದು ಕಡಿಯುತ್ತದೆ. ನಿಮ್ಮ ನೆಟ್ಟಗಿನ ಉಸಿರು ಐವತ್ತರಲ್ಲಿ ಚೆನ್ನಾಗಿ ಉಳಿದಿದೆ. ಯಾವುದರ ಮೇಲೆ ಹಾಡು ಕೂತಿತು, ಯಾವುದರ ಮೇಲೆ ಕೂರಲಿಲ್ಲ ಎಂಬುದಕ್ಕೆ ಕಾರಣವೇನಿಲ್ಲ.

ಇನ್ಜೆ

*

ಸೋಲ್
೧೮ ಮಾರ್ಚ್ ೨೦೨೪

ಅಕ್ಕಾ,

ಉತ್ತರವಿಲ್ಲ. ಡಿಸ್ಕನ್ನು ನಿನ್ನೆ ಕಳಿಸಿದ್ದೇನೆ. ಸೆಮಿಯವರಿಗೆ ಕೊಡುವ ನಾಲ್ಕು ತುಣುಕು ಬೇರೆ ಇಟ್ಟಿದ್ದೇನೆ, ನಲವತ್ತೇಳನ್ನು ಹಾಕಿಲ್ಲ. ಬೇಕೆಂದರೆ ಹಾಕುತ್ತೇನೆ. ನೀವು ಬರೆಯದಿದ್ದರೂ ಪರವಾಗಿಲ್ಲ, ಒಬ್ಬರೇ ಮಾತ್ರ ಮುಳುಗಬೇಡಿ. ನನಗೆ ಹೆದರಿಕೆಯಾಗುತ್ತಿದೆ.

ಇನ್ಜೆ

*

ಕುದುರೆಬಂಡೆ ದಂಡೆ
೨೮ ಮಾರ್ಚ್ ೨೦೨೪

ತಮ್ಮಾ ಇನ್ಜೆ,

ಬದುಕಿದ್ದೇನೆ. ಗಾಳಿಯಜ್ಜಿ ಬಂದು ಕೂತ ಹದಿನೈದು ದಿನ ನಾವು ಯಾರೂ ನೀರಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಚಿಪ್ಪಿನ ಒಳಗಿನದನ್ನೆಲ್ಲ ಅವಳೇ ತಿಂದಿರುತ್ತಾಳೆ, ಕಿತ್ತರೂ ಬರೀ ಟೊಳ್ಳು. ನಿನ್ನ ಪತ್ರ ಬಂದು ಎರಡು ದಿನಕ್ಕೆ ಅವಳು ಬಂದಳು. ಹಾಗಾಗಿ ನೀನು ಬರೆದದ್ದು ನಿಜವೋ ಸುಳ್ಳೋ ನೋಡಿಕೊಳ್ಳಲು ಆಗಲಿಲ್ಲ. ಬಚ್ಚಲಿನ ತೊಟ್ಟಿಯಲ್ಲಿ ಮುಖ ಮುಳುಗಿಸಿ ಉಸಿರು ಕಟ್ಟಿ ನೋಡಿದೆ. ಏನೂ ಬರಲಿಲ್ಲ. ಅದು ತಳದಿಂದಲೇ ಬರಬೇಕು.

ನನ್ನ ಉಸಿರು ಬದಲಾಗಿದ್ದರೆ ಇಷ್ಟು ದಿನ ಯಾರಾದರೂ ಹೇಳಬೇಕಿತ್ತಲ್ಲ ಎಂದು ಯೋಚಿಸಿದೆ. ಅಕ್ಟೋಬರಿನಿಂದ ಚಳಿಗಾಲ ಪೂರ್ತಿ ಮುಳುಗಿದ್ದೇನೆ. ಯಾರು ಹೇಳುತ್ತಾರೆ? ಪಕ್ಕದಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಎಲ್ಲರೂ ಕಿವುಡರು.

ಇಪ್ಪತ್ತನಾಲ್ಕಕ್ಕೆ ಪೂಜೆಯಾಯಿತು. ನೀರು ಪಾಲಾದವರಿಗೆ ಬಿಳಿ ಕಾಗದದಲ್ಲಿ ಅನ್ನ ಕಟ್ಟಿ ಕಡಲಿಗೆ ಎಸೆಯುತ್ತೇವೆ. ಇಂಜಾಳ ಪಾಲಿನ ಅನ್ನವನ್ನು ನೀನು ಮುದ್ರೆ ಒತ್ತಿ ಕಳಿಸಿದ ಆ ಪತ್ರದಲ್ಲಿ ಕಟ್ಟಿದೆ. ಅದನ್ನು ಇನ್ನು ಇಟ್ಟುಕೊಳ್ಳುವ ಮುಖ ನನಗಿರಲಿಲ್ಲ. ಪಾತ್ರಿಯಮ್ಮ ಹೆಸರು ಹಿಡಿದು ಕರೆದಳು. ಸೆಮಿ ನಿನ್ನ ನಾಲ್ಕು ತುಣುಕನ್ನು ಹಾಕಿದಳು. ನನಗೆ ಕೇಳಿಸದು, ಅವಳ ಮುಖ ನೋಡುತ್ತ ನಿಂತೆ. ಯಾರೋ ಅಪರಿಚಿತರು ಬಾಗಿಲು ತಟ್ಟಿದಾಗ ಇರುತ್ತದಲ್ಲ, ಅಂಥ ಮುಖ. ಎರಡು ನಿಮಿಷದಲ್ಲಿ ಮುಗಿಯಿತು. ನನ್ನ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಕೇಳಿದಳು, “ದೊಡ್ಡಮ್ಮಾ, ಉಳಿದದ್ದೆಲ್ಲ ಎಲ್ಲಿ?”

“ನಾಳೆ ಹೇಳ್ತೀನಿ ಕಣೇ” ಎಂದೆ.

ಮರುದಿನ ಪೂಜೆಯ ನಂತರ ಮೊದಲ ಸಲ ನೀರಿಗಿಳಿಯುವುದು. ಕುದುರೆಬಂಡೆಗೆ ನಾನೂ ಬರುತ್ತೇನೆ ಎಂದಳು ಸೆಮಿ. ಬೇಡವೆನ್ನಲಿಲ್ಲ. ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆ ಹಳೇ ರೆಕಾರ್ಡರಿನ ಬ್ಯಾಟರಿ ಡಬ್ಬಿಯನ್ನು ಉಗುರಿನಿಂದ ಎಬ್ಬುತ್ತಿದ್ದಳು. ನಾನು ಇಳಿದೆ. ತಳ ಮುಟ್ಟಿದೆ. ಕೈಗೇನೂ ಸಿಗಲಿಲ್ಲ, ಹುಡುಕಲೂ ಇಲ್ಲ. ಮೇಲೆ ಬಂದು ಉಸಿರು ಬಿಟ್ಟೆ.

ಕೇಳಿಸಿತು ತಮ್ಮಾ. ಕಿವಿಯ ಒಳಗೇ. ಅವತ್ತಿನ ಹಾಗೆಯೇ.

ಸೆಮಿ ತಲೆ ಎತ್ತಲಿಲ್ಲ. ಬ್ಯಾಟರಿ ಎಬ್ಬುತ್ತಲೇ ಇದ್ದಳು. ಅವಳ ತುಟಿ ಮಾತ್ರ ಆಡಿತು. ಐವತ್ತು ವರ್ಷದಿಂದ ತುಟಿ ಓದುತ್ತಿದ್ದೇನೆ, ನನಗೆ ತಪ್ಪುವುದಿಲ್ಲ. “ಅಮ್ಮಾ, ಇವತ್ತು ಬೇಗ ಮುಗಿಸು, ಚಳಿ ಇದೆ” ಎಂದಳು.

ಆಮೇಲೆ ಅವಳ ಬೆರಳು ನಿಂತಿತು. ಬ್ಯಾಟರಿ ಉರುಳಿ ನೀರಿಗೆ ಬಿತ್ತು. ಅವಳು ನಿಧಾನವಾಗಿ ನನ್ನ ಕಡೆ ನೋಡಿದಳು, ನಾನು ಅವಳನ್ನು ನೋಡಿದೆ. ಅಂಥ ಹೆದರಿಕೆ ನನಗೆ ನೀರಿನ ತಳದಲ್ಲೂ ಆಗಿಲ್ಲ.

ಬಂಡೆ ಹತ್ತಿ ಎಲ್ಲವನ್ನೂ ಹೇಳಿದೆ. ನಿಮ್ಮಮ್ಮನ ತೇಲುಬುರುಡೆ ಒಂಟಿಯಾಗಿ ತೇಲಿದ್ದನ್ನು ಕಂಡೂ ಹೋಗಲಿಲ್ಲ, ನನ್ನ ಉಸಿರನ್ನೇ ಅವಳದೆಂದು ನಂಬಿದೆ, ಮತ್ತೆ ಚಿಪ್ಪಿಗೆ ಮುಳುಗಿದೆ, ಆಮೇಲೆ ಹೆದರಿ ಅವಳ ಮೂರು ವರ್ಷವನ್ನೂ ಅಳಿಸಿದೆ, ಎಲ್ಲ. ಬಂಡೆಯ ಮೇಲೆ ಬಿಚ್ಚಿಟ್ಟಿದ್ದ ಅಂಗಿಯ ಜೇಬಿನಿಂದ ಮಾರ್ಚಿನ ನಿನ್ನ ಪತ್ರ ತೆಗೆದುಕೊಟ್ಟೆ. ಎರಡು ಸಲ ಓದಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಪತ್ರ ಮಡಿಚಿ ಹೊಸ ಬ್ಯಾಟರಿ ಹಾಕಿ, ರೆಕಾರ್ಡರನ್ನು ಅವಳಮ್ಮ ಇಡುತ್ತಿದ್ದ ಕುಳಿಯಲ್ಲೇ ಇಟ್ಟಳು.

“ದೊಡ್ಡಮ್ಮಾ, ಇನ್ನೊಂದ್ ಸಲ ಮುಳುಗು.”

ಮುಳುಗಿದೆ. ಮೇಲೆ ಬಂದಾಗ ಕಣ್ಣು ಮುಚ್ಚಿ ಕೂತಿದ್ದಳು. ಇನ್ನೊಂದು ಸಲ ಎಂದು ಬೆರಳೆತ್ತಿದಳು. ಹದಿನೇಳು ಸಲ ಮುಳುಗಿದೆ. ನಿನ್ನೆಯೂ ಹೋದೆವು, ಇವತ್ತೂ. ಬುಸಾನಿನ ಕೆಲಸ ಬಿಡುತ್ತಾಳಂತೆ. ನನಗೆ ಅರವತ್ತೆಂಟಾಯಿತು, ಎದೆ ನೋಯುತ್ತದೆ, ಆದರೆ ಇಲ್ಲವೆನ್ನುವ ಬಾಯಿ ನನಗಿಲ್ಲ. ನೀರಿಗಿಳಿಯುವ ಮೊದಲು ಅವಳೇ ನನ್ನ ಬಟ್ಟೆಯ ಕೊರಳು ಸರಿಮಾಡುತ್ತಾಳೆ. ದೊಡ್ಡಮ್ಮ ಎನ್ನುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.

ನಲವತ್ತೇಳನ್ನು ಕಳಿಸಬೇಡ, ಅವಳಿಗೆ ಅದು ಈಗ ಬೇಡ. ಇನ್ನೊಂದನ್ನು ಕೇಳುತ್ತೇನೆ, ನಡೆಸಿಕೊಡು. ನನ್ನ ನೆಟ್ಟಗಿನ ಉಸಿರು ಐವತ್ತು ತುಣುಕಿನಲ್ಲಿದೆ ಎಂದೆಯಲ್ಲ, ಅದರ ನಕಲು ನಿನ್ನಲ್ಲಿರುತ್ತದೆ. ಅಳಿಸಬೇಡ. ಇಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ. ಬಿಡುವಾದಾಗ ಒಮ್ಮೊಮ್ಮೆ ಹಾಕಿ ಕೇಳು. ನಾನು ಮೇಲೆ ಬಂದೆ ಎಂದು ಒಬ್ಬರಿಗಾದರೂ ಗೊತ್ತಿರಲಿ.

ಯೊನ್‌ಸಿಲ್